ಓದುಗರ ಪ್ರಶ್ನೆ: ಪತಿ–ಪತ್ನಿಯರ ವಲಸೆ ವೀಸಾ ಸಂದರ್ಶನ

ಪ್ರಶ್ನೆ: ನನ್ನ ಪತಿ ಅಮೆರಿಕದ ಪೌರರು. ಅವರು ನನ್ನ ಪರವಾಗಿ ಸಲ್ಲಿಸಿದ ಐ-130 ಎಂಬ ಕುಟುಂಬ ಸಂಬಂಧದ ಅರ್ಜಿ ಮಂಜೂರಾಗಿದ್ದು, ಈಗ ರಾಯಭಾರ ಕಚೇರಿಯಿಂದ ಸಂದರ್ಶನದ ದಿನಾಂಕ ಬಂದಿದೆ. ಮದುವೆಯ ನಂತರ ನಾವಿಬ್ಬರೂ ಒಟ್ಟಿಗೆ ಇದ್ದದ್ದು ಕೆಲವೇ ವಾರ. ಅಲ್ಲದೆ, ಹಿಂದೊಮ್ಮೆ ನನಗೆ ಪ್ರವಾಸಿ ವೀಸಾ ನಿರಾಕರಣೆಯಾದದ್ದನ್ನು ವಲಸೆ ವೀಸಾಕ್ಕಾಗಿ ತುಂಬುವ ಡಿಎಸ್-260 ನಮೂನೆಯಲ್ಲಿ ಬರೆಯಲು ಮರೆತಿದ್ದೇನೆ. ಅದನ್ನು ನಾನಾಗಿಯೇ ಹೇಳಬೇಕೇ, ಕೇಳಿದರೆ ಹೇಳಿದರಾಯಿತೇ? ಸಂದರ್ಶನಕ್ಕೆ ಪತಿಯೂ ಬರಬೇಕೇ? ಯಾವ ರೀತಿಯ ಪ್ರಶ್ನೆಗಳಿರುತ್ತವೆ?

ಉತ್ತರ: ಮರೆತ ಸಂಗತಿಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ನಿಜವಾಗಿ ತೂಕವಿರುವುದು ಅದಕ್ಕೇ. ಪ್ರವಾಸಿ ವೀಸಾ ನಿರಾಕರಣೆಯಾದದ್ದು ಪತ್ನಿಯ ವಲಸೆ ವೀಸಾಕ್ಕೆ ಸಾಮಾನ್ಯವಾಗಿ ಅಡ್ಡಿಯಾಗುವುದಿಲ್ಲ. ಪ್ರವಾಸಿ ವೀಸಾ ಕೇಳುವವರು ತಾವು ಮರಳಿ ಬರುತ್ತೇವೆಂದು ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕಾಗುತ್ತದೆ. ನೀವಾದರೋ ಅಲ್ಲಿ ನೆಲೆಸುವುದಕ್ಕೆಂದೇ ಹೋಗುತ್ತಿದ್ದೀರಿ. ಆದರೆ ಆ ನಿರಾಕರಣೆಯ ದಾಖಲೆ ಅವರ ಬಳಿ ಇದ್ದೇ ಇರುತ್ತದೆ. ನೀವು ಮುಖ್ಯವಾದ ಸಂಗತಿಯೊಂದನ್ನು ಬೇಕೆಂದೇ ಮರೆಮಾಚಿದ್ದೀರಿ ಎಂಬ ತೀರ್ಮಾನಕ್ಕೆ ಅಧಿಕಾರಿ ಬಂದರೆ, ವಲಸೆ ಕಾಯ್ದೆಯ 212ನೇ ಸೆಕ್ಷನ್ನಿನ ಪ್ರಕಾರ ಅಮೆರಿಕ ಪ್ರವೇಶಕ್ಕೆ ಕಾಲಮಿತಿಯೇ ಇಲ್ಲದ ನಿರ್ಬಂಧ ಬೀಳಬಹುದು, ಮತ್ತು ಅದರಿಂದ ಹೊರಬರಲು ಪ್ರತ್ಯೇಕ ವಿನಾಯಿತಿಗಾಗಿ ಬಹುಕಾಲ ಕಾಯಬೇಕಾಗುತ್ತದೆ. ಹಾಗಾಗಿ ಕೇಳುವವರೆಗೆ ಕಾಯಬೇಡಿ. ಸಂದರ್ಶನದ ಕಿಟಕಿಯ ಮುಂದೆ ನಿಮ್ಮಿಂದ ಬೆರಳಚ್ಚು ಮತ್ತು ಪ್ರಮಾಣ ಪಡೆಯುತ್ತಾರೆ. ನೀವು ತುಂಬಿದ ನಮೂನೆಯೆಲ್ಲ ನಿಜವೆಂದು ನೀವು ವಿಧ್ಯುಕ್ತವಾಗಿ ಒಪ್ಪಿಕೊಳ್ಳುವುದು ಆಗಲೇ. ಅದಕ್ಕೂ ಮೊದಲು, "ನನ್ನ ನಮೂನೆಯಲ್ಲಿ ಒಂದು ತಿದ್ದುಪಡಿಯಿದೆ" ಎಂದು ಹೇಳಿ, ಯಾವ ವರ್ಷ ಯಾವ ವೀಸಾ ನಿರಾಕರಣೆಯಾಯಿತೆಂಬುದನ್ನು ಎರಡು ವಾಕ್ಯದಲ್ಲಿ ತಿಳಿಸಿದರೆ ಸಾಕು. ಅಧಿಕಾರಿ ಅದನ್ನು ಅಲ್ಲಿಯೇ ಸರಿಪಡಿಸಿಕೊಳ್ಳಬಲ್ಲರು.

ಇನ್ನು ಒಟ್ಟಿಗೆ ಕಡಿಮೆ ದಿನ ಇದ್ದ ವಿಚಾರ. ಗಂಡ ಹೆಂಡತಿ ಇಷ್ಟು ದಿನ ಒಂದೇ ಮನೆಯಲ್ಲಿ ಇರಲೇಬೇಕೆಂಬ ನಿಯಮವೇನೂ ಇಲ್ಲ. ವೀಸಾಕ್ಕಾಗಿ ಕಾಯುತ್ತಿರುವ ದಂಪತಿಗಳು ದೂರ ದೂರ ಇರುವುದು ಸಹಜವೆಂಬುದು ಅಧಿಕಾರಿಗೂ ತಿಳಿದದ್ದೇ. ಅವರು ನೋಡುವುದು ಈ ಮದುವೆ ವೀಸಾಕ್ಕಾಗಿ ನಡೆದದ್ದೋ ಬಾಳಿಗಾಗಿ ನಡೆದದ್ದೋ ಎಂಬುದನ್ನು, ಮತ್ತು ಅದನ್ನು ತೋರಿಸಿಕೊಡುವ ಹೊಣೆ ಕಾನೂನಿನ ಪ್ರಕಾರ ಅರ್ಜಿದಾರರದೇ. ಪತಿ ಬಂದು ಹೋದ ಪ್ರಯಾಣದ ಟಿಕೆಟ್ಟುಗಳು, ಪಾಸ್‌ಪೋರ್ಟಿನ ಮುದ್ರೆಗಳು, ಬೇರೆ ಬೇರೆ ಕಾಲದಲ್ಲಿ ಎರಡೂ ಮನೆಯವರೊಡನೆ ತೆಗೆಸಿಕೊಂಡ ಚಿತ್ರಗಳು, ಹಣ ಕಳುಹಿಸಿದ ರಸೀದಿಗಳು, ವಿಮೆಯಲ್ಲಿ ಒಬ್ಬರು ಇನ್ನೊಬ್ಬರನ್ನು ನಾಮನಿರ್ದೇಶನ ಮಾಡಿರುವ ಕಾಗದ, ಪರಿಚಯವಾದಾಗಿನಿಂದ ಇಂದಿನವರೆಗಿನ ಸಂದೇಶಗಳಲ್ಲಿ ಆಯ್ದ ಕೆಲವು ಪುಟ, ಇಷ್ಟನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಟ್ಟುಕೊಳ್ಳಿ. ಮದುವೆಯ ಒಂದೇ ದಿನದ ನೂರಾರು ಫೋಟೋಗಳಿಗಿಂತ ಬೇರೆ ಬೇರೆ ತಿಂಗಳುಗಳ ಹತ್ತು ಫೋಟೋಗಳು ಹೆಚ್ಚು ಹೇಳುತ್ತವೆ.

ಪ್ರಶ್ನೆಗಳು ಬಹುಮಟ್ಟಿಗೆ ಸಾಮಾನ್ಯವಾದವೇ: ಪರಿಚಯ ಹೇಗಾಯಿತು, ಮದುವೆ ಎಲ್ಲಿ ನಡೆಯಿತು, ಯಾರು ಯಾರು ಬಂದಿದ್ದರು, ಪತಿಯ ಉದ್ಯೋಗವೇನು, ಅವರು ಎಲ್ಲಿ ಯಾರೊಡನೆ ಇದ್ದಾರೆ, ಇಬ್ಬರಲ್ಲಿ ಯಾರಿಗಾದರೂ ಹಿಂದೆ ಮದುವೆಯಾಗಿತ್ತೇ. ಈ ಕೊನೆಯ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಹಿಂದಿನ ಮದುವೆಯ ವಿಚ್ಛೇದನ ಅಂತಿಮವಾಗುವ ಮೊದಲೇ ಈಗಿನ ಮದುವೆ ನಡೆದಿದ್ದರೆ ಇಡೀ ಅರ್ಜಿಯ ಬುಡವೇ ಅಲುಗುತ್ತದೆ. ಆದ್ದರಿಂದ ಡಿಕ್ರಿಯ ಪ್ರತಿ ಕೈಯಲ್ಲಿರಲಿ, ಅದರ ದಿನಾಂಕ ನಿಮಗೆ ತಿಳಿದಿರಲಿ. ಸಿದ್ಧ ಪ್ರಶ್ನೋತ್ತರಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವವರ ಸಹವಾಸ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಪತಿಯ ಸಂಬಳದ ನಿಖರ ಮೊತ್ತ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುವುದರಿಂದ ಯಾರಿಗೂ ವೀಸಾ ತಪ್ಪುವುದಿಲ್ಲ. ಊಹಿಸಿ ಹೇಳಿದ ಅಂಕಿ ತೆರಿಗೆಯ ದಾಖಲೆಗೆ ಹೊಂದದಿದ್ದಾಗಲೇ ಅನುಮಾನ ಹುಟ್ಟುವುದು. ಐ-130ರಲ್ಲಿ ನಿಮ್ಮ ಪತಿ ಏನು ಬರೆದಿದ್ದಾರೆಂಬುದನ್ನು ಇಬ್ಬರೂ ಕುಳಿತು ಒಮ್ಮೆ ಓದಿಕೊಂಡರೆ ಅದಕ್ಕಿಂತ ಒಳ್ಳೆಯ ತಯಾರಿ ಬೇರೆಯಿಲ್ಲ.

ಪತಿ ಜೊತೆಗಿರಬೇಕೆಂದು ಕಾನೂನು ಹೇಳುವುದಿಲ್ಲ. ಅವರು ಬರುವುದಾದರೆ ಒಳಗೆ ಬಿಡುತ್ತಾರೆಯೇ ಎಂಬುದನ್ನು ಆ ಕಚೇರಿಯ ಸೂಚನಾಪತ್ರದಲ್ಲಿ ನೋಡಿಕೊಳ್ಳಿ. ಅವರು ಬರದಿದ್ದರೂ ಅವರು ಸಹಿ ಮಾಡಿದ ಐ-864 ಎಂಬ ಪೋಷಣೆಯ ಪ್ರಮಾಣಪತ್ರ ಬಂದಿರಲೇಬೇಕು. ಅವರ ಆದಾಯವು ಅಮೆರಿಕ ಸರ್ಕಾರದ ಬಡತನ ಮಾರ್ಗಸೂಚಿಯ ಶೇ. 125ರಷ್ಟಾದರೂ ಇರಬೇಕು, ಸಾಲದಿದ್ದರೆ ಅಲ್ಲಿಯೇ ವಾಸವಿರುವ ಪೌರರೋ ಗ್ರೀನ್ ಕಾರ್ಡ್ ಹೊಂದಿದವರೋ ಜಂಟಿ ಪ್ರಾಯೋಜಕರಾಗಬಹುದು. ವೈದ್ಯಕೀಯ ಪರೀಕ್ಷೆಯನ್ನು ರಾಯಭಾರ ಕಚೇರಿ ಗೊತ್ತುಪಡಿಸಿದ ವೈದ್ಯರಲ್ಲಿಯೇ ಮಾಡಿಸಬೇಕು, ಮತ್ತು ಅವರು ಮೊಹರು ಮಾಡಿದ ಲಕೋಟೆ ಕೊಟ್ಟರೆ ಅದನ್ನು ಒಡೆಯಬಾರದು. ಉಳಿದಂತೆ ಜನನ, ವಿವಾಹ ಮತ್ತು ಪೊಲೀಸ್ ಪ್ರಮಾಣಪತ್ರಗಳ ಮೂಲ ಪ್ರತಿಗಳು ಬೇಕು. 16 ವರ್ಷ ತುಂಬಿದ ಮೇಲೆ ಬೇರೆ ದೇಶದಲ್ಲಿ 12 ತಿಂಗಳು ಅಥವಾ ಹೆಚ್ಚು ಕಾಲ ಇದ್ದಿದ್ದರೆ ಅಲ್ಲಿಯ ಪೊಲೀಸ್ ಪ್ರಮಾಣಪತ್ರವೂ ಬೇಕೆಂಬುದನ್ನು ಬಹಳ ಮಂದಿ ಮರೆಯುತ್ತಾರೆ. ವೀಸಾ ಕೈಗೆ ಬರುವವರೆಗೆ ಕೆಲಸ ಬಿಡುವುದಾಗಲಿ ವಿಮಾನದ ಟಿಕೆಟ್ ಕೊಳ್ಳುವುದಾಗಲಿ ಬೇಡ.

ಪ್ರಶ್ನೆ: ಸಂದರ್ಶನದ ಕೊನೆಗೆ ನನ್ನ ಪತ್ನಿಗೆ 221(ಜಿ) ಎಂದು ಬರೆದ ಚೀಟಿ ಕೊಟ್ಟಿದ್ದಾರೆ. ಇದು ನಿರಾಕರಣೆಯೇ? ನ್ಯಾಯಾಲಯಕ್ಕೆ ಹೋಗಬಹುದೇ?

ಉತ್ತರ: 221(ಜಿ) ಎಂಬುದು ವಲಸೆ ಕಾಯ್ದೆಯ ಒಂದು ಸೆಕ್ಷನ್. ಕಾನೂನಿನ ಮಾತಿನಲ್ಲಿ ಅದು ನಿರಾಕರಣೆಯೇ ಹೌದು, ಆದರೆ ಬಾಗಿಲು ಮುಚ್ಚಿತೆಂದು ಅರ್ಥವಲ್ಲ. ಚೀಟಿಯಲ್ಲಿ ಯಾವುದಾದರೂ ದಾಖಲೆ ಕೇಳಿದ್ದರೆ ಒಂದು ವರ್ಷದೊಳಗೆ ಒದಗಿಸಿ. ಹಾಗೆ ಮಾಡಿದರೆ ಹೊಸ ಅರ್ಜಿಯಾಗಲಿ ಹೊಸ ಶುಲ್ಕವಾಗಲಿ ಬೇಕಿಲ್ಲ. ದಾಖಲೆ ಕೇಳದೆ ಆಡಳಿತಾತ್ಮಕ ಪರಿಶೀಲನೆ ಎಂದಷ್ಟೇ ಬರೆದಿದ್ದರೆ ಅದಕ್ಕೆ ಗೊತ್ತಾದ ಅವಧಿಯಿಲ್ಲ, ಕಾಯಬೇಕಾಗುತ್ತದೆ. ನ್ಯಾಯಾಲಯದ ದಾರಿ ಬಹಳ ಕಿರಿದು: ಪತ್ನಿಯನ್ನೋ ಪತಿಯನ್ನೋ ದೇಶದೊಳಗೆ ಕರೆಸಿಕೊಳ್ಳುವುದು ಪೌರರ ಮೂಲಭೂತ ಹಕ್ಕಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2024ರ ಜೂನ್‌ನಲ್ಲಿ, ಮುನ್ಯೋಜ್ ಪ್ರಕರಣದಲ್ಲಿ ಹೇಳಿದೆ. ಈ ಹಂತದಲ್ಲಿ ವಕೀಲರಿಗಿಂತ ಕೇಳಿದ ಕಾಗದವೇ ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ನನಗೆ ಸಿಆರ್-1, ಅಂದರೆ ಹೊಸದಾಗಿ ಮದುವೆಯಾದವರಿಗೆ ಕೊಡುವ ಷರತ್ತಿನ ವಲಸೆ ವೀಸಾ ಬಂದಿದೆ. ಮದುವೆಗೆ ಎರಡು ವರ್ಷ ತುಂಬಲು ಇನ್ನೊಂದು ತಿಂಗಳಿದೆ. ಈಗಲೇ ಹೊರಡಲೇ, ಕಾಯಲೇ?

ಉತ್ತರ: ವೀಸಾದ ಮೇಲಿನ ಕೊನೆಯ ದಿನಾಂಕ ಅನುಮತಿಸಿದರೆ, ಮತ್ತು ತುರ್ತಿಲ್ಲದಿದ್ದರೆ, ಕಾಯುವುದೇ ಲೇಸು. ನೀವು ಅಮೆರಿಕವನ್ನು ಪ್ರವೇಶಿಸುವ ದಿನ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ನಿಮಗೆ ಸಿಗುವುದು ಎರಡು ವರ್ಷದ ಷರತ್ತಿನ ಗ್ರೀನ್ ಕಾರ್ಡ್. ಅದರ ಅವಧಿ ಮುಗಿಯುವ ಮುಂಚಿನ 90 ದಿನಗಳಲ್ಲಿ, ಷರತ್ತು ತೆಗೆಯುವಂತೆ ಕೋರುವ ಐ-751 ಅರ್ಜಿ ಸಲ್ಲಿಸಿ, ದಾಂಪತ್ಯವನ್ನು ಮತ್ತೊಮ್ಮೆ ದಾಖಲೆಗಳಿಂದ ತೋರಿಸಬೇಕಾಗುತ್ತದೆ. ತುಂಬಿದ ಮೇಲೆ ಪ್ರವೇಶಿಸಿದರೆ ಹತ್ತು ವರ್ಷದ ಕಾರ್ಡ್, ಷರತ್ತಿಲ್ಲ. ನಿಮ್ಮ ವೀಸಾದ ಮೇಲೆ ಸಿಆರ್-1 ಎಂದೇ ಅಚ್ಚಾಗಿರುವುದರಿಂದ, ವಿಮಾನ ನಿಲ್ದಾಣದ ವಲಸೆ ಅಧಿಕಾರಿಗೆ ವಿವಾಹ ಪ್ರಮಾಣಪತ್ರ ತೋರಿಸಿ, ಎರಡು ವರ್ಷ ತುಂಬಿದೆಯೆಂದು ಹೇಳಿ, ಷರತ್ತಿಲ್ಲದ ವರ್ಗವಾದ ಐಆರ್-1 ಎಂದು ದಾಖಲಿಸಿಕೊಳ್ಳುವಂತೆ ಕೇಳಿಕೊಳ್ಳಬೇಕು. ಅವರು ಪಾಸ್‌ಪೋರ್ಟಿನಲ್ಲಿ ಏನು ಬರೆದರೆಂಬುದನ್ನು ಕೌಂಟರ್ ಬಿಡುವ ಮೊದಲೇ ನೋಡಿಕೊಳ್ಳಿ.