ಸ್ಟ್ರಾಂಗ್ ಔಷಧಿ ಹುಡುಕುವ ಮೊದಲು ಹಾಲು ಪರೀಕ್ಷೆ ಮಾಡಿಸಿ

ಪತ್ರ: ನಮ್ಮದು ಎರಡನೇ ಸೂಲಿನ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು. ನಾಲ್ಕು ತಿಂಗಳಲ್ಲಿ ಮೂರು ಸಲ ಹಿಂದಿನ ಎಡ ಮೊಲೆಗೆ ಕೆಚ್ಚಲು ಬಾವು ಬಂತು. ಮೆಡಿಕಲ್‌ನಿಂದ ಆಂಟಿಬಯಾಟಿಕ್ ಟ್ಯೂಬ್ ತಂದು ಎರಡು ದಿನ ತೊಟ್ಟಿನ ರಂಧ್ರದೊಳಗೆ ಏರಿಸುತ್ತಿದ್ದೆ, ಬಾವು ಇಳಿದ ಮೇಲೆ ನಿಲ್ಲಿಸುತ್ತಿದ್ದೆ. ಈ ಸಲ ಅದೇ ಟ್ಯೂಬ್ ನಾಟುತ್ತಿಲ್ಲ. ಇದಕ್ಕಿಂತ ಸ್ಟ್ರಾಂಗ್ ಆಂಟಿಬಯಾಟಿಕ್ ಯಾವುದು?
– ಓದುಗರು, ಚನ್ನರಾಯಪಟ್ಟಣ ತಾಲ್ಲೂಕು

ಸಂಪಾದಕರ ಉತ್ತರ: ಔಷಧಿಯ ಹೆಸರು ಇಲ್ಲಿ ಬರೆಯುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ. ರೋಗಾಣು ಯಾವುದೆಂದು ತಿಳಿಯದೆ ಹೆಸರು ಹೇಳಿದರೆ ನಾಲ್ಕನೇ ಸಲವೂ ಇದೇ ಪಾಡು.

ಒಂದೇ ಮೊಲೆಗೆ ಮತ್ತೆ ಮತ್ತೆ ಮರಳುವ ಬಾವು ಎಂದರೆ ಮೊದಲ ಅನುಮಾನ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾದ ಮೇಲೆ. ಇದರ ಹಲವು ತಳಿಗಳು ಪೆನಿಸಿಲಿನ್ ಅಣುವನ್ನೇ ಮುರಿಯುವ ಕಿಣ್ವವನ್ನು ಉತ್ಪಾದಿಸುತ್ತವೆ. ಆ ಗುಣ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಲೂಬಹುದು. ಅದು ಸಾಲದೆಂಬಂತೆ, ಕೆಚ್ಚಲಿನೊಳಗೆ ಅಂಟುಪೊರೆ ಕಟ್ಟಿಕೊಂಡು, ಜೀವಕೋಶಗಳ ಒಳಹೊಕ್ಕು, ಗಂಟುಗಟ್ಟಿದ ಮಾಂಸದಲ್ಲಿ ಅಡಗುತ್ತದೆ. ಹಾಗಾಗಿ ಲ್ಯಾಬಿನ ತಟ್ಟೆಯಲ್ಲಿ ಸಾಯುವ ರೋಗಾಣು ಕೆಚ್ಚಲಿನಲ್ಲಿ ಸಾಯದೆ ಇರಬಹುದು. ಎರಡು ದಿನಕ್ಕೆ ನಿಮ್ಮ ಹಸುವಿನ ಬಾವು ಇಳಿದದ್ದು ರೋಗಾಣು ಕಡಿಮೆಯಾದದ್ದರಿಂದ, ಪೂರ್ತಿ ಹೋದದ್ದರಿಂದಲ್ಲ. ತಾಳಿಕೊಂಡು ಉಳಿದವೇ ಮತ್ತೆ ಬೆಳೆದಿವೆ. ಈ ರೋಗಾಣುವಿಗೆ ವೈದ್ಯರು ಐದರಿಂದ ಎಂಟು ದಿನದವರೆಗೂ ಚಿಕಿತ್ಸೆ ಮುಂದುವರಿಸುವುದುಂಟು.

ಆದ್ದರಿಂದ, ರೋಗಾಣು ಯಾವುದು, ಅದಕ್ಕೆ ಯಾವ ಔಷಧಿ ನಾಟುತ್ತದೆ ಎಂದು ಲ್ಯಾಬಿನಲ್ಲಿ ನೋಡಿಸಲು ಮೊದಲು ಹಾಲಿನ ಮಾದರಿ. ಕೈ ತೊಳೆದು, ಮೊದಲ ಮೂರು–ನಾಲ್ಕು ಧಾರೆ ಬೇರೆ ಪಾತ್ರೆಗೆ ಹಿಂಡಿ. ಸ್ಪಿರಿಟ್ ಹತ್ತಿಯಿಂದ ತೊಟ್ಟಿನ ತುದಿಯನ್ನು, ಹತ್ತಿಗೆ ಕೊಳೆ ಅಂಟದಾಗುವವರೆಗೆ ಒರೆಸಿ. ವೈದ್ಯರು ಕೊಟ್ಟ ಸ್ಟೆರೈಲ್ ಬಾಟಲಿಯನ್ನು ಓರೆಯಾಗಿ ಹಿಡಿದು 5–10 ಮಿ.ಲೀ. ಹಿಂಡಿ. ನೆಟ್ಟಗೆ ಹಿಡಿದರೆ ಕೆಚ್ಚಲಿನ ಮೇಲಿನ ಕೂದಲು, ಸಗಣಿ ಬೀಳುತ್ತವೆ, ವರದಿ ಕೆಡುತ್ತದೆ. ಮಂಜುಗಡ್ಡೆ ಹಾಕಿದ ಫ್ಲಾಸ್ಕಿನಲ್ಲಿಟ್ಟು ಅದೇ ದಿನ ತಲುಪಿಸಿ. ನಿಮ್ಮ ಪಶುವೈದ್ಯರ ಚೀಟಿಯೊಂದಿಗೆ ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು. ಯಾವ ಟ್ಯೂಬ್, ಕೊನೆಯದಾಗಿ ಎಂದು ಏರಿಸಿದಿರಿ ಎಂಬುದನ್ನು ತಪ್ಪದೆ ಬರೆಯಿರಿ. ಔಷಧಿಯ ಅಂಶ ಹಾಲಿನಲ್ಲಿದ್ದರೆ ರೋಗಾಣು ಬೆಳೆಯದೆ, 'ಏನೂ ಇಲ್ಲ' ಎಂಬ ಸುಳ್ಳು ವರದಿ ಬರಬಹುದು.

ಸೆಫ್ಟ್ರಿಯಾಕ್ಸೋನ್‌ನಂಥ ಆಂಟಿಬಯಾಟಿಕ್ಕನ್ನು 'ಸ್ಟ್ರಾಂಗ್' ಎಂದು ಕೊಡಿಸಿಕೊಳ್ಳುವವರಿದ್ದಾರೆ. ಅದು ಆಸ್ಪತ್ರೆಯಲ್ಲಿ ಮನುಷ್ಯರ ಜೀವ ಉಳಿಸುವ ಔಷಧಿಯೂ ಹೌದು. ಕೊಟ್ಟಿಗೆಯಲ್ಲಿ ಅದಕ್ಕೆ ಜಗ್ಗದ ರೋಗಾಣು ಬೆಳೆದರೆ ಹಾಲು ಕರೆಯುವವರ ಕೈಗೂ ಅದು ಅಂಟುತ್ತದೆ ಎಂಬ ಭಯ ನಮ್ಮದು.

ಟ್ಯೂಬ್ ಏರಿಸುವ ರೀತಿಯೂ ಮುಖ್ಯ. ಹಾಲು ಪೂರ್ತಿ ಹಿಂಡಿ, ತೊಟ್ಟಿನ ತುದಿ ಒರೆಸಿ, ಟ್ಯೂಬಿನ ಮೂತಿಯನ್ನು ಸುಮಾರು 3 ಮಿ.ಮೀ. ಮಾತ್ರ ತೂರಿಸಿ. ಬುಡದವರೆಗೆ ತಳ್ಳಿದರೆ ತೊಟ್ಟಿನ ಒಳಪದರ ಹರಿದು ಹೊಸ ರೋಗಾಣುವಿಗೆ ದಾರಿಯಾಗುತ್ತದೆ.

ಚಿಕಿತ್ಸೆಯ ದಿನಗಳಲ್ಲಿ ನಾಲ್ಕೂ ಮೊಲೆಯ ಹಾಲನ್ನು ಡೇರಿಗೆ ಹಾಕುವಂತಿಲ್ಲ. ಔಷಧಿ ರಕ್ತಕ್ಕೆ ಸೇರಿ ಉಳಿದ ಮೊಲೆಗಳಿಗೂ ಬರುತ್ತದೆ, ಕಾಯಿಸಿದರೂ ಪೂರ್ತಿ ಹೋಗುವುದಿಲ್ಲ. ಆ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಆಗದಿರುವುದೂ ಇದೇ ಕಾರಣಕ್ಕೆ. ಕೊನೆಯ ಡೋಸ್ ನಂತರ ಎಷ್ಟು ದಿನ ಎಂಬುದು ಲೇಬಲ್‌ನಲ್ಲಿರುತ್ತದೆ. ಇಲ್ಲದಿದ್ದರೆ ನಿಯಮದ ಪ್ರಕಾರ ಕನಿಷ್ಠ 7 ದಿನ. ಕರುವಿಗೂ ಕುಡಿಸಬೇಡಿ. ಅದರ ಹೊಟ್ಟೆಯಲ್ಲಿ ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾ ಹೆಚ್ಚುತ್ತವೆ.

ಈ ಹಸುವನ್ನು ಕೊನೆಗೆ ಕರೆಯಿರಿ, ಒರೆಸುವ ಬಟ್ಟೆ ಬೇರೆ ಇರಲಿ. ಹೆಬ್ಬೆರಳು ಮಡಚಿ ಹಿಂಡುವುದನ್ನು ಬಿಟ್ಟು ಇಡೀ ಮುಷ್ಟಿಯಿಂದ ಕರೆಯಿರಿ. ಕರೆದ ತಕ್ಷಣ ತೊಟ್ಟುಗಳನ್ನು ಅಯೋಡಿನ್ ಟೀಟ್ ಡಿಪ್ ದ್ರಾವಣದಲ್ಲಿ ಅದ್ದಿ, ಮೇವು ಹಾಕಿ ಅರ್ಧ ಗಂಟೆ ನಿಲ್ಲಿಸಿ. ಅಷ್ಟರಲ್ಲಿ ತೊಟ್ಟಿನ ರಂಧ್ರ ಮುಚ್ಚಿಕೊಳ್ಳುತ್ತದೆ. ಮುಂದೆ ಗಬ್ಬವಾಗಿ ಹಾಲು ಬತ್ತಿಸುವಾಗ, ಕರು ಹಾಕಲು ಸುಮಾರು 60 ದಿನ ಇರುವಂತೆ, ಬತ್ತಿಸುವ ಕಾಲದ ಟ್ಯೂಬ್ ಬಗ್ಗೆ ವೈದ್ಯರನ್ನು ಕೇಳಿ. ಹಳೇ ಸೋಂಕು ವಾಸಿಯಾಗುವ ಸಾಧ್ಯತೆ ಆಗ ಹೆಚ್ಚು.

ಒಂದು ಎಚ್ಚರಿಕೆ. ಜ್ವರ ಬಂದು, ಮೇವು ಬಿಟ್ಟು, ಹಾಲು ನೀರಿನಂತಾದರೆ ವರದಿಗೆ ಕಾಯದೆ ಆಗಲೇ ವೈದ್ಯರನ್ನು ಕರೆಸಿ. ಮಾದರಿಯನ್ನು ಮಾತ್ರ ಮೊದಲ ಇಂಜೆಕ್ಷನ್‌ಗೆ ಮುಂಚೆಯೇ ಹಿಂಡಿಟ್ಟುಕೊಳ್ಳಿ.