ವಂಡರ್‌ಲಾಗೆ ಒಬ್ಬರೇ ಹೊರಡುವವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಹಳ್ಳಿಯೊಂದರ ಗೃಹಿಣಿ. ವಯಸ್ಸು ನಲವತ್ತಾರು. ನಮ್ಮದು ಅಡಿಕೆ ತೋಟದ ಮನೆ. ಮಕ್ಕಳು ಹೈಸ್ಕೂಲಿನಲ್ಲಿದ್ದಾಗ ಶಾಲಾ ಪ್ರವಾಸದಲ್ಲಿ ಬೆಂಗಳೂರಿನ ವಂಡರ್‌ಲಾ ಮನರಂಜನಾ ಪಾರ್ಕ್ ನೋಡಿ ಬಂದು ವಾರಗಟ್ಟಲೆ ಅದೇ ಮಾತಾಡುತ್ತಿದ್ದರು. ನನಗೂ ಒಮ್ಮೆ ಹೋಗಬೇಕೆಂಬ ಆಸೆ ಅಂದೇ ಹುಟ್ಟಿತು. ಈಗ ಮಕ್ಕಳಿಬ್ಬರೂ ಊರಿನಲ್ಲಿಲ್ಲ. ನಮ್ಮನೆಯವರು ‘ಬೇಕಾದರೆ ನೀನೊಬ್ಬಳೇ ಹೋಗಿ ಬಾ’ ಎಂದು ತಮಾಷೆಗೆ ಹೇಳಿದ್ದನ್ನು ನಾನು ನಿಜವೆಂದೇ ಹಿಡಿದಿದ್ದೇನೆ. ಯಾವ ತಿಂಗಳು ಒಳ್ಳೆಯದು? ಹೇಗೆ ತಲುಪಬೇಕು? ಆಟವಾಡುವಾಗ ಚೀಲ, ಮೊಬೈಲ್ ಯಾರ ಕೈಯಲ್ಲಿ ಕೊಡುವುದು? ಆಗುಂಬೆ ಘಾಟಿಯಲ್ಲಿ ತಲೆಸುತ್ತಿ ವಾಂತಿ ಮಾಡಿಕೊಳ್ಳುವ ನಾನು ಅಲ್ಲಿನ ಆಟಗಳನ್ನು ತಡೆದುಕೊಳ್ಳಬಲ್ಲೆನೇ?

ಉತ್ತರ: ನಿಮ್ಮ ಪ್ರಶ್ನೆಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಚೀಲದ ಪ್ರಶ್ನೆ ಎಂದು ನನಗೆ ಅನ್ನಿಸುತ್ತದೆ. ಗುಂಪಿನಲ್ಲಿ ಹೋದವರಿಗೆ ಆಟಕ್ಕೆ ಹೆದರಿ ಕೆಳಗೆ ನಿಲ್ಲುವ ಒಬ್ಬರು ಇದ್ದೇ ಇರುತ್ತಾರೆ. ಎಲ್ಲರ ಕನ್ನಡಕ, ಪರ್ಸು, ಚಪ್ಪಲಿಗಳಿಗೆ ಅವರೇ ಕಾವಲು. ಒಬ್ಬರೇ ಹೋದಾಗ ಆ ಕಾವಲುಗಾರರು ಇರುವುದಿಲ್ಲವಾದ್ದರಿಂದ, ಏನನ್ನು ಒಯ್ಯಬೇಕು, ಯಾವ ಆಟವನ್ನು ಯಾವಾಗ ಆಡಬೇಕು ಎಂಬ ಎರಡನ್ನೂ ಮನೆಯಲ್ಲೇ ತೀರ್ಮಾನಿಸಿಕೊಂಡು ಹೊರಡಬೇಕು. ಉಳಿದದ್ದೆಲ್ಲ ಸುಲಭ.

ಮೊದಲು ಕಾಲದ ವಿಷಯ. ಏಪ್ರಿಲ್, ಮೇ ತಿಂಗಳ ಬೇಸಿಗೆ ರಜೆ, ದಸರಾ ರಜೆ, ಕ್ರಿಸ್‌ಮಸ್ ವಾರ ಮತ್ತು ಯಾವುದೇ ಶನಿವಾರ, ಭಾನುವಾರ ಬೇಡ. ಇವುಗಳ ಜನಜಂಗುಳಿ ಎಲ್ಲರಿಗೂ ಗೊತ್ತಿರುವುದೇ. ಆದರೆ ನವೆಂಬರಿನಿಂದ ಜನವರಿಯವರೆಗೆ ವಾರದ ನಡುವಿನ ದಿನಗಳೂ ಖಾಲಿ ಇರುವುದಿಲ್ಲ, ಏಕೆಂದರೆ ನಮ್ಮ ರಾಜ್ಯದ ಶಾಲೆಗಳು ಪ್ರವಾಸ ಹೊರಡುವುದು ಆ ತಿಂಗಳುಗಳಲ್ಲೇ. ನಿಮ್ಮ ಮಕ್ಕಳು ಹೋದದ್ದೂ ಬಹುಶಃ ಆಗಲೇ ಇರಬೇಕು. ಹೇಗಿದ್ದರೂ ಅದು ನಿಮಗೆ ಅಡಿಕೆ ಗೊನೆ ಕೊಯ್ಲು, ಸುಲಿತಗಳ ಕಾಲ. ನನ್ನ ಆಯ್ಕೆ ಫೆಬ್ರವರಿಯ ಕೊನೆಯಿಂದ ಮಾರ್ಚ್ ನಡುವಿನವರೆಗಿನ ಯಾವುದಾದರೂ ಮಂಗಳವಾರ ಅಥವಾ ಬುಧವಾರ. ಪರೀಕ್ಷೆಯ ದಿನಗಳಾದ್ದರಿಂದ ಮಕ್ಕಳಿರುವ ಮನೆಗಳವರು ಹೊರಗೆ ಹೊರಡುವುದಿಲ್ಲ, ಬಿಸಿಲಿರುವುದರಿಂದ ನೀರಿನ ಆಟಗಳು ಹಿತವಾಗಿರುತ್ತವೆ, ಮಳೆಯ ಕಾಟವೂ ಕಡಿಮೆ. ಅದು ಆಗದಿದ್ದರೆ ಆಷಾಢ. ಮದುವೆ, ಮುಂಜಿಗಳ ಕರೆ ಇರುವುದಿಲ್ಲ, ತೋಟದಲ್ಲಿ ಕೊಳೆರೋಗ ತಡೆಯುವ ಬೋರ್ಡೊ ದ್ರಾವಣದ ಎರಡು ಸಿಂಪಡಣೆಗಳ ನಡುವೆ ಒಂದಷ್ಟು ಬಿಡುವೂ ಸಿಗುತ್ತದೆ. ಸಾಗರದಲ್ಲಿ ಆಗ ಸುರಿಯುವ ಮಳೆಯನ್ನು ನೋಡಿ ಬೆಂಗಳೂರನ್ನು ಅಳೆಯಬೇಡಿ. ಅಲ್ಲಿ ಜುಲೈ ತಿಂಗಳೆಂದರೆ ಹೆಚ್ಚಾಗಿ ಮೋಡ ಮತ್ತು ತುಂತುರು. ನೀರಿನಿಂದ ಎದ್ದಾಗ ಗಾಳಿಗೆ ಮೈ ನಡುಗುತ್ತದೆ, ಅಷ್ಟೆ. ಮೇ, ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳ ಸಂಜೆ ಮಳೆ ಮಾತ್ರ ಗುಡುಗು, ಸಿಡಿಲಿನೊಡನೆ ಬರುವುದರಿಂದ ಎತ್ತರದ ಆಟಗಳನ್ನು ನಿಲ್ಲಿಸಿಬಿಡುತ್ತಾರೆ.

ವಂಡರ್‌ಲಾ 2005ರಲ್ಲಿ ತೆರೆದದ್ದು. ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಸುಮಾರು 28 ಕಿ.ಮೀ. ದೂರದಲ್ಲಿ, ಬಿಡದಿಯ ಹತ್ತಿರವಿದೆ. ತಾಳಗುಪ್ಪದಿಂದ ಮೈಸೂರಿಗೆ ಹೋಗುವ ರಾತ್ರಿ ರೈಲು ಸಾಗರ, ಶಿವಮೊಗ್ಗಗಳ ಮೇಲೆ ಸಾಗಿ ಬೆಳಗಿನ ಜಾವಕ್ಕೆ ಬೆಂಗಳೂರು ಮುಟ್ಟುತ್ತದೆ. ಮಲಗಿಕೊಂಡು ಹೋಗಬಹುದಾದ್ದರಿಂದ ನಿಮಗೆ ಅದೇ ಉತ್ತಮ. ಸರ್ಕಾರಿ ಬಸ್ಸಿನಲ್ಲಿ ಹೋಗುವುದಾದರೆ, 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಂತೆ ಸಾಮಾನ್ಯ ಬಸ್ಸುಗಳಲ್ಲಿ ನಿಮಗೆ ಟಿಕೆಟ್ಟಿನ ಹಣವಿಲ್ಲ, ಆದರೆ ರಾಜಹಂಸ, ಸ್ಲೀಪರ್‌ಗಳಿಗೆ ಆ ಸೌಲಭ್ಯ ಅನ್ವಯಿಸುವುದಿಲ್ಲ. ಇಡೀ ರಾತ್ರಿ ಕುಳಿತು ಹೋಗಿ, ಮರುದಿನವೆಲ್ಲ ಆಡಿ, ಮತ್ತೆ ರಾತ್ರಿ ಕುಳಿತೇ ವಾಪಸಾಗುವ ಉಳಿತಾಯವನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಬೆಂಗಳೂರಿನಲ್ಲಿ ಒಬ್ಬ ನೆಂಟರೂ ಇಲ್ಲದ ಮಲೆನಾಡಿನ ಮನೆ ಅಪರೂಪ. ಹಿಂದಿನ ದಿನವೇ ಹೋಗಿ ಅವರಲ್ಲಿ ಉಳಿದುಕೊಂಡರೆ ದೊಡ್ಡ ಚೀಲವನ್ನು ಅಲ್ಲೇ ಇಟ್ಟು ಕೈಬೀಸಿಕೊಂಡು ಹೊರಡಬಹುದು. ‘ನಾವೂ ಬರುತ್ತೇವೆ’ ಎಂದು ಅವರು ಹೊರಟು ನಿಂತರೆ ಏನು ಮಾಡಬೇಕೆಂಬುದನ್ನು ಮಾತ್ರ ನೀವೇ ಯೋಚಿಸಿಕೊಳ್ಳಿ.

ನಗರದೊಳಗಿನಿಂದ ನೇರಳೆ ಮಾರ್ಗದ ಮೆಟ್ರೊ ಹಿಡಿದರೆ ಕೆಂಗೇರಿ ದಾಟಿ ಚಲ್ಲಘಟ್ಟದವರೆಗೆ ವಾಹನದಟ್ಟಣೆಯ ಗೊಡವೆಯಿಲ್ಲದೆ ಹೋಗಬಹುದು. ಮುಂದೆ ಬಿಡದಿಯ ಕಡೆಗೆ ಬಸ್ಸು ಹತ್ತುವಾಗ ಒಂದು ಎಚ್ಚರಿಕೆ ಬೇಕು. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಮೈಸೂರಿನ ವೇಗದೂತ ಬಸ್ಸುಗಳಲ್ಲಿ ಹಲವು ನಡುವಿನ ಊರುಗಳಲ್ಲಿ ನಿಲ್ಲದೆ ಮೇಲಿನ ರಸ್ತೆಯಲ್ಲೇ ಸಾಗಿಬಿಡುತ್ತವೆ. ಆದ್ದರಿಂದ ‘ವಂಡರ್‌ಲಾ ಗೇಟ್ ಹತ್ತಿರ ನಿಲ್ಲಿಸುತ್ತೀರಾ’ ಎಂದು ಕಂಡಕ್ಟರರನ್ನು ಕೇಳಿಯೇ ಹತ್ತಿ. ಹೆದ್ದಾರಿಯಿಂದ ಒಳಕ್ಕೆ ಆಟೊ ಸಿಗುತ್ತದೆ. ಬೇಗ ತಲುಪಿದರೆ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನಿ. ಹೊರಗಿನ ತಿಂಡಿಯನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಚಕ್ಕುಲಿ, ಕೋಡುಬಳೆ ಕಟ್ಟಿಕೊಂಡು ಹೋಗುವುದು ವ್ಯರ್ಥ. ಒಳಗೆ ಊಟಕ್ಕೆ ಏನೂ ಕೊರತೆಯಿಲ್ಲ.

ಇನ್ನು ಬಟ್ಟೆ. ನೀರಿನ ಆಟಗಳಿಗೆ ಸೀರೆಯನ್ನಾಗಲಿ, ಹತ್ತಿಯ ಚೂಡಿದಾರವನ್ನಾಗಲಿ ಒಪ್ಪುವುದಿಲ್ಲ; ನೈಲಾನ್ ಅಥವಾ ಪಾಲಿಯೆಸ್ಟರಿನ ಮೈಗಂಟುವ ಉಡುಪೇ ಆಗಬೇಕು. ಇದು ಬರಿಯ ಅಲಂಕಾರದ ನಿಯಮವಲ್ಲ. ನೆನೆದ ಹತ್ತಿ ಬಟ್ಟೆ ಭಾರವಾಗಿ ಜಾರುಬಂಡಿಯಲ್ಲಿ ಮೈಯನ್ನು ತಡೆಯುತ್ತದೆ, ದುಪಟ್ಟಾದಂಥ ಸಡಿಲ ಬಟ್ಟೆ ಎಲ್ಲಿಯಾದರೂ ಸಿಕ್ಕಿಕೊಳ್ಳಬಹುದು. ಉದ್ದ ತೋಳಿನ ನೈಲಾನ್ ಟೀ ಶರ್ಟ್ ಮತ್ತು ಪಾದದವರೆಗಿನ ಲೆಗ್ಗಿಂಗನ್ನು ಶಿವಮೊಗ್ಗದಲ್ಲೇ ಕೊಂಡುಕೊಳ್ಳಿ. ಪಾರ್ಕಿನೊಳಗೂ ಸಿಗುತ್ತವೆ, ಆದರೆ ಅಲ್ಲಿ ನಿಮ್ಮ ಅಳತೆ ಹುಡುಕುತ್ತಾ ನಿಂತರೆ ಬೆಳಗಿನ ಅಮೂಲ್ಯ ಸಮಯ ಹೋಗುತ್ತದೆ. ಬಳೆ, ಸರ, ಓಲೆಗಳನ್ನು ಮನೆಯಲ್ಲೇ ಬಿಡಿ. ಮಾಂಗಲ್ಯ ತೆಗೆಯಲು ಮನಸ್ಸಿಲ್ಲದಿದ್ದರೆ ಆ ದಿನದ ಮಟ್ಟಿಗೆ ಅದನ್ನು ಗಟ್ಟಿ ದಾರಕ್ಕೆ ಪೋಣಿಸಿ ಅಂಗಿಯ ಒಳಗಿಟ್ಟುಕೊಳ್ಳಿ. ಕನ್ನಡಕ ಹಾಕುವವರಾದರೆ ತಲೆಯ ಹಿಂದಕ್ಕೆ ಬಿಗಿಯುವ ಪಟ್ಟಿ ಬೇಕು.

ಒಳಗೆ ಹೋದ ಕೂಡಲೇ ಬಾಡಿಗೆಗೆ ಲಾಕರ್ ಪಡೆಯಿರಿ. ಒಣ ಬಟ್ಟೆ, ಟವೆಲ್, ಮರುಪ್ರಯಾಣದ ಹಣ ಮತ್ತು ಗುರುತಿನ ಚೀಟಿ ಅದರಲ್ಲಿರಲಿ. ಮೊಬೈಲನ್ನು ಕೊರಳಿಗೆ ಹಾಕುವ ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಎಲ್ಲ ಆಟಗಳಿಗೂ ಏರುವವರನ್ನು ಅನುಸರಿಸಬೇಡಿ. ತಲೆಕೆಳಗಾಗುವ ಆಟಗಳಲ್ಲಿ ಅದು ಮುಖಕ್ಕೆ ಹೊಡೆಯುತ್ತದೆ. ಮನೆಯವರಿಗೆ ‘ಮಧ್ಯಾಹ್ನ ಊಟದ ಹೊತ್ತಿಗೆ ಒಮ್ಮೆ, ಸಂಜೆ ಹೊರಡುವಾಗ ಒಮ್ಮೆ ಫೋನು ಮಾಡುತ್ತೇನೆ, ನಡುವೆ ನೀವು ಮಾಡಿದರೆ ತೆಗೆಯುವುದಿಲ್ಲ’ ಎಂದು ಮೊದಲೇ ತಿಳಿಸಿಬಿಟ್ಟರೆ ಎರಡೂ ಕಡೆ ನೆಮ್ಮದಿ.

ಆಟಗಳ ಕ್ರಮವೂ ಲಾಕರಿಗೆ ಹೊಂದಿಕೊಂಡೇ ಇರಬೇಕು. ಒಣ ಆಟಗಳನ್ನೆಲ್ಲ ಮೊದಲು ಮುಗಿಸಿ, ಊಟ ಮಾಡಿ, ಒಂದೇ ಬಾರಿ ಬಟ್ಟೆ ಬದಲಿಸಿ ನೀರಿಗೆ ಇಳಿಯಿರಿ. ನೀರಿನ ಆಟಗಳು ಒಣ ಆಟಗಳಿಗಿಂತ ಮೊದಲೇ ಮುಚ್ಚುವುದರಿಂದ ಊಟವನ್ನು ಎರಡು ಗಂಟೆಯ ಆಚೆಗೆ ತಳ್ಳಬೇಡಿ. ಬಾಗಿಲು ತೆರೆದಾಗ ಜನರು ಕಣ್ಣಿಗೆ ಮೊದಲು ಬೀಳುವ ಆಟಕ್ಕೇ ಸಾಲುಗಟ್ಟುತ್ತಾರೆ. ನೀವು ನಕ್ಷೆ ನೋಡಿಕೊಂಡು ದೂರದ ತುದಿಯಿಂದ ಆರಂಭಿಸಿ. ಹೆಚ್ಚು ಹಣ ಕೊಟ್ಟು ಸಾಲು ತಪ್ಪಿಸುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ ವಾರದ ನಡುವೆ ಬೇಕಾಗುವುದಿಲ್ಲ. ಒಬ್ಬರೇ ಇರುವುದರಲ್ಲಿ ಒಂದು ಲಾಭವೂ ಇದೆ. ಇಬ್ಬಿಬ್ಬರು ಕೂರುವ ಆಟಗಳಲ್ಲಿ ಮೂವರ ಗುಂಪು ಬಂದಾಗ ಒಂದು ಆಸನ ಖಾಲಿ ಉಳಿಯುತ್ತದೆ. ಅಮೆರಿಕದ ಡಿಸ್ನಿ ಪಾರ್ಕುಗಳ ಕೆಲವು ಆಟಗಳಲ್ಲಿ ಇಂಥ ಆಸನ ತುಂಬಲೆಂದೇ ಒಂಟಿಯಾಗಿ ಬಂದವರಿಗೆ ಬೇರೆ ಸಾಲು ಇಟ್ಟಿದ್ದಾರೆ. ಇಲ್ಲಿ ಆಟ ನಡೆಸುವವರು ‘ಒಬ್ಬರು ಯಾರಾದರೂ ಇದ್ದೀರಾ’ ಎಂದು ಕೂಗಿದರೆ ನಾಚಿಕೆಪಡದೆ ಕೈ ಎತ್ತಿ.

ಘಾಟಿಯ ವಾಂತಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಒಳಕಿವಿಯಲ್ಲಿರುವ ದ್ರವ ದೇಹದ ತಿರುಗುವಿಕೆಯನ್ನು ಮಿದುಳಿಗೆ ತಿಳಿಸುತ್ತದೆ. ಆಗುಂಬೆಯ ತಿರುವುಗಳಲ್ಲಿ ಕಿವಿ ‘ತಿರುಗುತ್ತಿದ್ದೇವೆ’ ಎಂದು ಹೇಳುವಾಗ ಬಸ್ಸಿನ ಒಳಭಾಗವನ್ನೇ ನೋಡುತ್ತಿರುವ ಕಣ್ಣು ‘ಅಲುಗಾಡದೆ ಕುಳಿತಿದ್ದೇವೆ’ ಎನ್ನುತ್ತದೆ. ಈ ಎರಡು ವರದಿಗಳು ತಾಳೆಯಾಗದಿರುವುದೇ ಹೊಟ್ಟೆ ತೊಳಸಲು ಕಾರಣ. ಹೀಗಾಗಿ ನಿಮಗೆ ತೊಂದರೆ ಕೊಡುವುದು ನೀವು ಹೆದರುತ್ತಿರುವ ಎತ್ತರದ ಆಟಗಳಲ್ಲ, ನೋಡಲು ಸಾಧುವಾಗಿ ಕಾಣುವ, ಒಂದೇ ಕಡೆ ನಿಮಿಷಗಟ್ಟಲೆ ಗಿರಗಿರನೆ ಸುತ್ತುವ ಆಟಗಳು. ಅವುಗಳನ್ನು ಪೂರ್ತಿ ಬಿಟ್ಟುಬಿಡಿ. ಮೇಲಕ್ಕೊಯ್ದು ಒಮ್ಮೆಲೇ ಕೆಳಗಿಳಿಸುವ ಫ್ಲ್ಯಾಶ್ ಟವರ್‌ನಲ್ಲಿ ತಿರುವಿಲ್ಲ. ಜೀವ ಬಾಯಿಗೆ ಬಂದಂತಾಗುತ್ತದೆ, ಆದರೆ ಬೇಗ ಮುಗಿಯುತ್ತದೆ. ಮುಂದಕ್ಕೆ ಸುತ್ತು ಹಾಕಿ ಅದೇ ಹಳಿಯಲ್ಲಿ ಹಿಮ್ಮುಖವಾಗಿ ಮರಳುವ ರಿಕಾಯಿಲ್ ರೋಲರ್ ಕೋಸ್ಟರನ್ನು ಊಟಕ್ಕೆ ಮೊದಲು ಒಂದೇ ಒಂದು ಬಾರಿ, ದೃಷ್ಟಿಯನ್ನು ದೂರಕ್ಕೆ ನೆಟ್ಟು, ತಲೆಯನ್ನು ಹಿಂದಿನ ದಿಂಬಿಗೆ ಒತ್ತಿಟ್ಟುಕೊಂಡು ಆಡಬಹುದು. ಖಾಲಿ ಹೊಟ್ಟೆಯೂ ತುಂಬಿದ ಹೊಟ್ಟೆಯೂ ಎರಡೂ ಕೆಟ್ಟವು. ಎರಡು ಗಂಟೆ ಮೊದಲು ತಿಂದ ಇಡ್ಲಿ ಸರಿಯಾದ ಪ್ರಮಾಣ. ಘಾಟಿ ಪ್ರಯಾಣಕ್ಕೆ ನೀವು ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಅಂದು ಬಳಸಬಹುದೇ ಎಂದು ವೈದ್ಯರನ್ನು ಕೇಳಿ, ಏಕೆಂದರೆ ಆ ಮಾತ್ರೆಗಳಲ್ಲಿ ಹೆಚ್ಚಿನವು ತೂಕಡಿಕೆ ತರುತ್ತವೆ ಮತ್ತು ನಿಮ್ಮನ್ನು ಎಬ್ಬಿಸಲು ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಅಲೆಗಳ ಕೊಳದಲ್ಲಿ ಈಜು ಬಾರದವರು ಸೊಂಟದ ಮಟ್ಟದ ನೀರನ್ನು ದಾಟದೆ, ಜೀವರಕ್ಷಕರಿಗೆ ಕಾಣುವಂತೆ ನಿಲ್ಲಬೇಕು. ರಾತ್ರಿಯ ಮರುಪ್ರಯಾಣಕ್ಕೆ ಹತ್ತು ಗಂಟೆಯ ನಂತರದ ರೈಲು ಅಥವಾ ಬಸ್ಸನ್ನೇ ಕಾಯ್ದಿರಿಸಿ. ಸಂಜೆಯ ಮೈಸೂರು ರಸ್ತೆಯನ್ನು ನಂಬುವಂತಿಲ್ಲ.

ಪ್ರಶ್ನೆ: ಹೊಸನಗರದಿಂದ ಬರೆಯುತ್ತಿದ್ದೇನೆ. ನಿವೃತ್ತ ನೌಕರ. ಕುತ್ತಿಗೆಯ ಸ್ಪಾಂಡಿಲೈಟಿಸ್ ಇದೆ, ರಕ್ತದೊತ್ತಡ ಮಾತ್ರೆಯಿಂದ ಹತೋಟಿಯಲ್ಲಿದೆ. ನಾನೂ ಒಬ್ಬನೇ ಹೋಗಬಹುದೇ?

ಉತ್ತರ: ಹೋಗಬಹುದು, ಆದರೆ ರೋಲರ್ ಕೋಸ್ಟರ್, ಬೀಳುವ ಗೋಪುರ, ಕಡಿದಾದ ಜಾರುಬಂಡಿಗಳು ನಿಮಗೆ ಸಲ್ಲವು. ವೇಗ ಥಟ್ಟನೆ ಬದಲಾಗುವಾಗ ತಲೆಯ ಭಾರವನ್ನೆಲ್ಲ ಕುತ್ತಿಗೆಯೇ ಹೊರಬೇಕಾಗುತ್ತದೆ. ಪ್ರತಿ ಆಟದ ಮುಂದಿರುವ ಫಲಕದಲ್ಲಿ ಹೃದಯ, ಬೆನ್ನು, ಕುತ್ತಿಗೆಯ ತೊಂದರೆ ಇರುವವರಿಗೆ ಎಚ್ಚರಿಕೆ ಬರೆದಿರುವುದು ಇದಕ್ಕಾಗಿಯೇ. ಗೋಪುರದ ಮೇಲೆ ಕೂರಿಸಿರುವ ದೊಡ್ಡ ತೊಟ್ಟಿಲು ಸ್ಕೈ ವ್ಹೀಲ್ ಮತ್ತು ಟ್ಯೂಬಿನಲ್ಲಿ ತೇಲಿಕೊಂಡು ಹೋಗುವ ಲೇಜಿ ರಿವರ್ ನಿಮಗೆ ಉಳಿಯುವ ಮುಖ್ಯ ಆಟಗಳು. ಇವೆರಡಕ್ಕಾಗಿ ಪೂರ್ತಿ ಟಿಕೆಟ್ ಕೊಟ್ಟು ಅಷ್ಟು ದೂರ ಹೋಗಬೇಕೇ ಎಂಬುದನ್ನು ಲೆಕ್ಕ ಹಾಕಿ. ನೀರಿನಲ್ಲಿ ಹಾಯಾಗಿರುವುದಷ್ಟೇ ಉದ್ದೇಶವಾದರೆ ಮಂಗಳೂರಿನ ಪಿಲಿಕುಳದ ಮಾನಸ ವಾಟರ್ ಪಾರ್ಕ್ ನಿಮಗೆ ಹತ್ತಿರ. ಅಲ್ಲಿಯೇ ಪಕ್ಕದ ಪ್ರಾಣಿ ಸಂಗ್ರಹಾಲಯವನ್ನೂ ನಿಧಾನವಾಗಿ ನೋಡಬಹುದು, ಸೋಮವಾರ ಒಂದನ್ನು ಬಿಟ್ಟು ಹೊರಡಿ.