ಬಾಡಿಗೆಗಿರುವ ಕಟ್ಟಡವನ್ನು ಕೊಳ್ಳುವ ಮುನ್ನ

ಪ್ರಶ್ನೆ: ಚಿಕ್ಕಮಗಳೂರಿನ ಇಂದಿರಾ ಗಾಂಧಿ ರಸ್ತೆಯ ಸಮೀಪ ಕೆಳಗೆ ಮೂರು ಮಳಿಗೆ, ಮಹಡಿಯಲ್ಲಿ ಹೋಟೆಲ್ ಇರುವ ಕಟ್ಟಡವೊಂದು 2.4 ಕೋಟಿ ರೂಪಾಯಿಗೆ ಮಾರಾಟಕ್ಕಿದೆ. ತಿಂಗಳಿಗೆ ಒಟ್ಟು 1.1 ಲಕ್ಷ ಬಾಡಿಗೆ ಬರುತ್ತದೆ. ಹೋಟೆಲಿನ ಕರಾರು ಇನ್ನೂ ಆರು ವರ್ಷ ಇದೆಯಂತೆ. ತೋಟದ ಉಳಿತಾಯವನ್ನು ಇದರಲ್ಲಿ ತೊಡಗಿಸಬಹುದೇ?
– ಒಬ್ಬ ಕಾಫಿ ಬೆಳೆಗಾರ, ಮೂಡಿಗೆರೆ

ಉತ್ತರ: ಆ ‘ಇದೆಯಂತೆ’ ಎಂಬ ಮಾತಿನಿಂದಲೇ ಆರಂಭಿಸೋಣ. ಒಂದು ವರ್ಷ ಮೀರಿದ ಅವಧಿಯ ಗುತ್ತಿಗೆಯನ್ನು ನೋಂದಾಯಿಸಲೇಬೇಕೆಂದು 1908ರ ನೋಂದಣಿ ಕಾಯ್ದೆ ವಿಧಿಸಿದ್ದರೂ, ನಮ್ಮಲ್ಲಿ ಅನೇಕರು ಛಾಪಾ ಕಾಗದದ ಮೇಲೆ ಒಂಬತ್ತೋ ಹತ್ತೋ ವರ್ಷವೆಂದು ಬರೆದು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ ಬೀರುವಿನಲ್ಲಿ ಇಟ್ಟುಬಿಡುತ್ತಾರೆ. ಇಂಥ ಬಾಡಿಗೆಯನ್ನು ನ್ಯಾಯಾಲಯವು ಸಾಮಾನ್ಯವಾಗಿ ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯೆಂದೇ ಎಣಿಸುವುದರಿಂದ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ ಹದಿನೈದು ದಿನಗಳ ನೋಟಿಸು ಕೊಟ್ಟು ಹೋಟೆಲಿನವರು ಖಾಲಿ ಮಾಡಬಹುದು. ಆರು ವರ್ಷದ ಬಾಡಿಗೆಯನ್ನು ತೋರಿಸಿ ಕೇಳುತ್ತಿರುವ ಬೆಲೆಗೆ ಆಗ ಆಧಾರವೇ ಉಳಿಯುವುದಿಲ್ಲ. ಪತ್ರ ನೋಂದಣಿಯಾಗಿದ್ದರೂ, ಬಾಡಿಗೆದಾರರು ಅವಧಿಗೆ ಮುನ್ನ ಬಿಟ್ಟುಹೋಗಲು ಅವಕಾಶವಿರುವ ಷರತ್ತನ್ನು ಹುಡುಕಿ ಓದಿರಿ.

ಮುಂಗಡದ ವಿಷಯವನ್ನು ಮರೆಯುವವರೇ ಹೆಚ್ಚು. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆದಿದ್ದರೆ 11 ಲಕ್ಷ ರೂಪಾಯಿ ಈಗಿನ ಮಾಲೀಕರ ಕೈಯಲ್ಲಿದೆ. ನಾಳೆ ಬಾಡಿಗೆದಾರರು ಅದನ್ನು ಕೇಳುವುದು ನಿಮ್ಮನ್ನು. ಅಷ್ಟು ಮೊತ್ತವನ್ನು ಕ್ರಯದ ಹಣದಲ್ಲಿ ಮುರಿದುಕೊಂಡು, ಕ್ರಯಪತ್ರದಲ್ಲೂ ಬರೆಸಬೇಕು.

ವರ್ಷದ 13.2 ಲಕ್ಷ ಬಾಡಿಗೆ ನಿಮ್ಮ ಹಣಕ್ಕೆ ಶೇ 5.5ರಷ್ಟಾಗುತ್ತದೆ. ಒಂದು ತಿಂಗಳು ಖಾಲಿ ಬಿದ್ದರೆ 1.1 ಲಕ್ಷ, ಆಸ್ತಿ ತೆರಿಗೆ, ವಿಮೆ, ದುರಸ್ತಿಗೆಂದು ಇನ್ನೊಂದು ಅಷ್ಟೇ ಕಳೆದರೆ ಉಳಿಯುವುದು 11 ಲಕ್ಷ, ಅಂದರೆ ಶೇ 4.6ರ ಆಸುಪಾಸು. ಮುದ್ರಾಂಕ ಮತ್ತು ನೋಂದಣಿ ಶುಲ್ಕ ಸೇರಿಸಿದರೆ ಇನ್ನೂ ಇಳಿಯುತ್ತದೆ. ಬ್ಯಾಂಕ್ ಸಾಲ ಮಾಡಿ ಕೊಳ್ಳುವ ಲೆಕ್ಕ ಇದಲ್ಲ. ಜಾಗದ ಬೆಲೆ ಏರುವುದೆಂಬ ನಂಬಿಕೆಯೊಂದೇ ಆಧಾರವಾದರೆ ಬಾಡಿಗೆದಾರರಿಲ್ಲದ ನಿವೇಶನವೇ ತಲೆನೋವಿಲ್ಲದ್ದು ಎಂಬುದು ನನ್ನ ಅಭಿಪ್ರಾಯ.

ಋಣಭಾರ ಪತ್ರ, ಇ-ಖಾತಾ, ಮಂಜೂರಾದ ನಕ್ಷೆಗಳನ್ನು ನಿಮ್ಮ ವಕೀಲರು ಹೇಗೂ ನೋಡುತ್ತಾರೆ. ಅಡುಗೆಮನೆಯನ್ನು ಮಾತ್ರ ನೀವೇ ನೋಡಬೇಕು, ಅದೂ ಜುಲೈ ತಿಂಗಳ ಮಳೆಯಲ್ಲಿ. ಪಾತ್ರೆ ತೊಳೆಯುವ ಜಾಗದ ಕೆಳಗಿನ ಮಳಿಗೆಗೆ ಹೋಗಿ ಚಾವಣಿಯನ್ನು ಗಮನಿಸಿ. ಅಲ್ಲಿ ಹಳದಿ ಕಲೆ ಹರಡಿದ್ದು ಸುಣ್ಣ ಉದುರುತ್ತಿದ್ದರೆ ನೀರು ಸ್ಲ್ಯಾಬಿನೊಳಗೆ ಇಳಿದು ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತಿರಬಹುದು. ಆ ದುರಸ್ತಿ ಯಾರ ಖರ್ಚಿನದೆಂದು ಕರಾರಿನಲ್ಲಿ ಬರೆದಿಲ್ಲದಿದ್ದರೆ, ಹೋಟೆಲಿನವರೊಂದಿಗೆ ಹೊಸ ಗುತ್ತಿಗೆ ಪತ್ರ ನೋಂದಣಿಯಾಗುವವರೆಗೂ ಮಾರುವವರಿಗೆ ಮುಂಗಡ ಹಣ ಕೊಡಬೇಡಿ.